ಕೋಡೊಲಿಗೆ ವೈರು ಹಚ್ಚಿದರೆ

ಕರೋಶಿಯಲ್ಲಿ ಅವಸರ ಗೊತ್ತಿರುವ ವಸ್ತುಗಳು ಎರಡೇ. ಒಂದು ಚಿಕ್ಕೋಡಿಗೆ ಹೋಗುವ ಬಸ್ಸು, ಇನ್ನೊಂದು ನಮ್ಮ ಮನೆಯಾಕೆಯ ಕುಕ್ಕರು. ಬಸ್ಸು ನಾವು ಕೈ ಎತ್ತುವುದರೊಳಗೆ ಹೋಗಿರುತ್ತದೆ, ಕುಕ್ಕರು ನಾವು ಎಣಿಸುವುದರೊಳಗೆ ಮೂರು ಸೀಟಿ ಹೊಡೆದಿರುತ್ತದೆ. ಉಳಿದದ್ದೆಲ್ಲ ಸಾವಕಾಶ. ಕಬ್ಬಿನ ಬಿಲ್ಲು ಸಾವಕಾಶ, ಗುಡಿ ಕಟ್ಟೆಯ ಮಾತು ಸಾವಕಾಶ, ಮದುವೆ ಮನೆಯಲ್ಲಿ ಎರಡನೆಯ ಪಂಗತಿಗೆ ಬರುವ ತುಪ್ಪವಂತೂ ಬಹಳ ಸಾವಕಾಶ. ಇಂಥ ಊರಿಗೆ ನನ್ನ ಮಗಳು ಅಮೆರಿಕದಿಂದ ಒಂದು ‘ಸ್ಲೋ ಕುಕ್ಕರ್’ ಹೊತ್ತು ತಂದಳು. ಸಂಕೇಶ್ವರದ ಸಂತೆಗೆ ಹೋಗಿ ಮೆಣಸಿನಕಾಯಿ ಮಾರಿದ ಹಾಗೆ.

ಮಗಳಿರುವುದು ಓಹಾಯೋ ರಾಜ್ಯದ ಸಿನ್ಸಿನ್ಯಾಟಿಯಲ್ಲಿ. ಡಿಸೆಂಬರ್ ರಜೆಗೆ ಬಂದವಳ ಬ್ಯಾಗು ಬಿಚ್ಚುವಾಗ ಚಾಕಲೇಟಿನ ಆಸೆಗೆ ಓಣಿಯ ಹುಡುಗರೆಲ್ಲ ಸುತ್ತ ಕೂತಿದ್ದರು. ಒಳಗಿಂದ ಬಂದದ್ದು ಸ್ವೆಟರಿನಲ್ಲಿ ಸುತ್ತಿ ಕೂಸಿನಂತೆ ಮಲಗಿಸಿದ್ದ ಒಂದು ಪಾತ್ರೆ. ಒಳಗೆ ಉಪ್ಪಿನಕಾಯಿ ಭರಣಿಯಂಥ ದಪ್ಪ ಪಿಂಗಾಣಿ ಗಡಿಗೆ, ಹೊರಗೆ ತಗಡಿನ ಅಂಗಿ, ತಲೆಗೆ ಗಾಜಿನ ಟೋಪಿ, ಹೊಟ್ಟೆಯ ಮೇಲೊಂದು ತಿರುವುವ ಗುಂಡಿ, ಹಿಂದೆ ವೈರಿನ ಬಾಲ.

“ಏನವಾ ಇದು?” ಎಂದಳು ಎಂಬತ್ತು ದಾಟಿದ ನಮ್ಮವ್ವ.

“ಆಯಿ, ಮುಂಜಾನೆ ಇದರಾಗ ಕಾಳು, ಉಳ್ಳಾಗಡ್ಡಿ, ಖಾರ ಹಾಕಿ ಕೆಲಸಕ್ಕ ಹೋದರ ಸಂಜಿಕ ಬರೂದ್ರಾಗ ತನ್ನಟ್ಟಕ್ಕ ತಾನ ಬೆಂದಿರತೈತಿ. ಎಂಟ ತಾಸು.”

“ಎಂಟ ತಾಸು? ಕಾಳು ಬೇಯಾಕೋ, ಕಬ್ಬು ಕಡ್ಯಾಕೋ?”

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಕಾಕು ಅಷ್ಟೇ ಕೇಳಿಸಿಕೊಂಡು ಹೋದಳು. ಸಂಜೆಯೊಳಗೆ ಊರಲ್ಲಿ ಸುದ್ದಿ: ಮಾಸ್ತರರ ಮಗಳು ಅಮೆರಿಕದಿಂದ ಕಬ್ಬು ಕಡಿಯುವ ಮಷೀನು ತಂದಾಳಂತ, ಬಾಡಗಿ ಎಷ್ಟಂತ ಕೇಳಬೇಕು.

ಮಾಸ್ತರ ಎಂದರೆ ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಈಗ ನನಗಿರುವುದು ಒಂದೇ ಹುದ್ದೆ: ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಯಾರೂ ಕೇಳದ ಸಲಹೆಯನ್ನು ಸಂಬಳವಿಲ್ಲದೆ ಕೊಡುವುದು. ಮರುದಿನ ರಾತ್ರಿ ಊಟಕ್ಕೆ ‘ಚಿಲಿ’ ಮತ್ತು ಪಾಸ್ತಾ ಎಂದು ಮಗಳು ಘೋಷಿಸಿದಾಗ ನಾನು ಕುರ್ಚಿಯನ್ನು ಹೊಸ್ತಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಚಿಲಿ ಎಂದರೆ ನಮಗೆ ಮೆಣಸಿನಕಾಯಿ. ಅಮೆರಿಕದವರಿಗೆ ಅದು ಒಂದು ಪಲ್ಲೆಯ ಹೆಸರು. ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಪಟ್ಟಣದ ಚೌಕಗಳಲ್ಲಿ ಹಿಂದಿನ ಶತಮಾನದ ಮೂವತ್ತರ ದಶಕದವರೆಗೂ ಮೆಕ್ಸಿಕನ್ ಮೂಲದ ಹೆಂಗಸರು ದೊಡ್ಡ ಕೊಪ್ಪರಿಗೆಗಳಲ್ಲಿ ಮಾಂಸ, ಮೆಣಸಿನಕಾಯಿ ಕುದಿಸಿ ಸಂಜೆ ಮಾರುತ್ತಿದ್ದರು. ಅವರನ್ನು ‘ಚಿಲಿ ರಾಣಿಯರು’ ಎನ್ನುತ್ತಿದ್ದರಂತೆ. 1977ರಲ್ಲಿ ಟೆಕ್ಸಾಸ್ ಅದನ್ನು ತನ್ನ ರಾಜ್ಯದ ಅಧಿಕೃತ ಖಾದ್ಯ ಎಂದು ಘೋಷಿಸಿತು. ಅಲ್ಲಿನ ಕಟ್ಟಾ ಅಭಿಮಾನಿಗಳ ಮುಂದೆ ಚಿಲಿಯಲ್ಲಿ ಕಾಳು ಹಾಕುವ ಮಾತು ಆಡಬಾರದು. ಝುಣಕ ಗಟ್ಟಿ ಇರಬೇಕೋ ತೆಳ್ಳಗಿರಬೇಕೋ ಎಂದು ನಮ್ಮ ಬೀಗರ ನಡುವೆ ನಡೆಯುವ ಜಗಳದಂತೆಯೇ ಅದೂ ಮುಗಿಯುವ ಜಗಳವಲ್ಲ.

ಸಿನ್ಸಿನ್ಯಾಟಿಯವರ ರೀತಿ ಬೇರೆ. ಮ್ಯಾಸಿಡೋನಿಯದಿಂದ ವಲಸೆ ಬಂದ ಕಿರಾಜೀಫ್ ಅಣ್ಣತಮ್ಮಂದಿರು 1922ರಲ್ಲಿ ಅಲ್ಲಿ ಅಂಗಡಿ ಇಟ್ಟು, ತಮ್ಮ ಸೀಮೆಯ ಚೆಕ್ಕೆ ಲವಂಗದ ಮಾಂಸದ ಸಾರನ್ನು ಚಿಲಿ ಎಂದು ಕರೆದು ಸ್ಪಾಗೆಟ್ಟಿಯ ಮೇಲೆ ಸುರಿದರು. ಈಗ ಅದು ಆ ಊರಿನ ಗುರುತು. ಸ್ಪಾಗೆಟ್ಟಿ, ಚಿಲಿ, ಚೀಜು ಸೇರಿದರೆ ‘ತ್ರೀ ವೇ’. ಉಳ್ಳಾಗಡ್ಡಿಯನ್ನೋ ಕಾಳನ್ನೋ ಸೇರಿಸಿದರೆ ‘ಫೋರ್ ವೇ’. ಎರಡೂ ಬೇಕೆಂದರೆ ‘ಫೈವ್ ವೇ’. ಮಗಳು ಇದನ್ನು ವಿವರಿಸಿದಾಗ ನಮ್ಮ ಮನೆಯಾಕೆ ಕೇಳಿದಳು: “ನಮ್ಮದು ಸಸ್ಯಾಹಾರಿ ಮನಿ. ಮಾಂಸ ತಗದ್ರ ಎಷ್ಟ ವೇ ಉಳಿತಾವವಾ?” ಚೀಜನ್ನೂ ಬಿಟ್ಟು ಲೆಕ್ಕ ಹಾಕಿ ನೋಡಿದರೆ ಉಳಿಯುವುದು ಕಾಳು, ಉಳ್ಳಾಗಡ್ಡಿ, ಶಾವಿಗೆ. ಇಷ್ಟಕ್ಕೆ ಓಹಾಯೋವರೆಗೆ ಹೋಗಬೇಕಿರಲಿಲ್ಲ, ನಮ್ಮ ಅಟ್ಟದವರೆಗೆ ಹೋಗಿದ್ದರೆ ಸಾಕಿತ್ತು.

ರಾತ್ರಿಯೇ ರಾಜಮಾ ನೆನೆಹಾಕಿದಳು. ಮುಂಜಾನೆ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಗ್ಯಾಸಿನ ಮೇಲೆ ಗಳಗಳ ಕುದಿಸಲು ಇಟ್ಟಳು.

“ಎಂಟು ತಾಸು ಬೇಯೋದೈತಿ, ಮತ್ಯಾಕ ಮೊದಲ ಕುದಸ್ತಿ?” ನನ್ನ ಮೊದಲ ಸಲಹೆ.

“ಅಪ್ಪಾ, ನೀನು ಸೈನ್ಸ್ ಮಾಸ್ತರ ಅಲ್ಲೇನು?”

ಅವಳು ಹೇಳಿದ್ದು ಗಟ್ಟಿ ವಿಜ್ಞಾನ. ಕೆಂಪು ರಾಜಮಾದ ಹಸಿ ಕಾಳಿನಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷ ಇರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಒಂದೆರಡು ತಾಸಿನಲ್ಲಿ ವಾಂತಿ, ಹೊಟ್ಟೆನೋವು. ಕುದಿಯುವ ನೀರಲ್ಲಿ ಅದು ಸಾಯುತ್ತದೆ. ಆದರೆ ಸ್ಲೋ ಕುಕ್ಕರು ಎಷ್ಟೋ ಸಲ ಕುದಿಯವರೆಗೆ ಹೋಗುವುದೇ ಇಲ್ಲ, ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ತೂಕಡಿಸುತ್ತದೆ. ಆ ಬಿಸಿಯಲ್ಲಿ ವಿಷ ಹೋಗುವ ಬದಲು ಇನ್ನೂ ಹೆಚ್ಚಬಹುದು. ಆದ್ದರಿಂದ ಐದು ತಾಸಾದರೂ ನೆನೆಸಬೇಕು, ನೀರು ಚೆಲ್ಲಬೇಕು, ಹೊಸ ನೀರಲ್ಲಿ ಅರ್ಧ ತಾಸು ಜೋರಾಗಿ ಕುದಿಸಬೇಕು. ಸಾವಕಾಶವೆಲ್ಲ ಆಮೇಲೆ.

ಅವ್ವ ಇದನ್ನೆಲ್ಲ ಕೇಳಿ ಅಂದಳು: “ಅದಕ್ಕ ನಾವು ಹಸಿ ಕುದಿ ಬರೂತನಕ ದೊಡ್ಡ ಒಲಿಮ್ಯಾಲ ಇಟ್ಟು ಆಮ್ಯಾಲ ಕೋಡೊಲಿಗೆ ಸರಸ್ತಿದ್ದಿವಿ. ವಿಷ ಪಿಷ ಗೊತ್ತಿದ್ದಿಲ್ಲ. ಹೊಟ್ಟಿ ನೋಯ್ತೈತಿ ಅನ್ನೂದು ಗೊತ್ತಿತ್ತು.”

ಮಗಳ ಕೈ ಟೊಮೆಟೊದ ಕಡೆಗೆ ಹೋದಾಗ ಅವ್ವ ಮತ್ತೆ ತಡೆದಳು. “ಈಗ ಬ್ಯಾಡ. ಹುಳಿ ಬಿದ್ದ ಕಾಳು ಹಟ ಹಿಡಿತೈತಿ, ನಿಮ್ಮಪ್ಪನಂಗ.” ಹುಳಿಯಲ್ಲಿ ಕಾಳಿನ ಸಿಪ್ಪೆ ಬೇಗ ಮೆತ್ತಗಾಗುವುದಿಲ್ಲ ಎನ್ನುವುದು ನಿಜ. ಉದಾಹರಣೆ ಅನವಶ್ಯಕವಾಗಿತ್ತು.

ಕುದಿದ ರಾಜಮಾ ಪಿಂಗಾಣಿ ಗಡಿಗೆಗೆ ಇಳಿಯಿತು. ಹೆಚ್ಚಿದ ಉಳ್ಳಾಗಡ್ಡಿ, ಬಳ್ಳೊಳ್ಳಿ, ಜೀರಿಗೆ. ಖಾರ ಮಾತ್ರ ನಮ್ಮ ಮನೆಯದು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸಿ ಡಬ್ಬಿ ತುಂಬಿಡುವ ಮಸಾಲಿ ಖಾರ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಸಂಕೇಶ್ವರಿ, ಜೊತೆಗೆ ಹುರಿದ ಕೊಬ್ಬರಿ, ಬಳ್ಳೊಳ್ಳಿ, ಕೊತ್ತಂಬರಿ, ಚೆಕ್ಕೆ, ಲವಂಗ. ಮ್ಯಾಸಿಡೋನಿಯದ ಅಣ್ಣತಮ್ಮಂದಿರು ಹಾಕಿದ ಚೆಕ್ಕೆ ಲವಂಗ ನಮ್ಮ ಡಬ್ಬಿಯಲ್ಲಿ ಮೊದಲೇ ಕೂತಿತ್ತು. ಒಂದು ಮಾತು ಒಪ್ಪಿಕೊಳ್ಳಬೇಕು. 2011ರಲ್ಲಿ ಭೌಗೋಳಿಕ ಗುರುತು ಪಡೆದು ಬ್ಯಾಡಗಿ ಎದೆಯುಬ್ಬಿಸಿದರೂ, ಮೆಣಸಿನಕಾಯಿಯ ತವರು ಅಮೆರಿಕ ಖಂಡವೇ. ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಟೊಮೆಟೊ, ರಾಜಮಾಗಳೂ ಅದೇ ಕಡೆಯವು. ಅಂದರೆ ಮಗಳು ಹೊಸದೇನೂ ತಂದಿರಲಿಲ್ಲ. ಎಷ್ಟೋ ತಲೆಮಾರಿನ ಹಿಂದೆಯೇ ಮನೆಗೆ ಬಂದು ಸೊಸೆಯರಾದವರನ್ನು ಒಂದೇ ಗಡಿಗೆಯಲ್ಲಿ ಕೂಡಿಸಿ ತವರಿನ ಸುದ್ದಿ ಕೇಳಿಸಿದಳು, ಅಷ್ಟೇ.

ಇನ್ನು ನನ್ನ ಪಾತ್ರ. ಪ್ಲಗ್ಗು ಹಚ್ಚುವ ಗೌರವ ನನ್ನದೆಂದು ಹಟ ಹಿಡಿದೆ. ಅಮೆರಿಕದ ಚಪ್ಪಟೆ ಕಾಲಿನ ಪ್ಲಗ್ಗಿಗೆ ಒಂದು ಅಡಾಪ್ಟರ್ ಸಿಕ್ಕಿಸಿ, ಗೋಡೆಗೆ ಚುಚ್ಚಿ, ಗುಂಡಿಯನ್ನು ‘ಲೋ’ಗೆ ತಿರುವಿ, ಎಂಟು ತಾಸಿನ ನಿದ್ದೆಗೆ ಸಿದ್ಧನಾಗಿ ಪಡಸಾಲೆಗೆ ಬಂದೆ. ಕಾಲು ತಾಸಾಗಿರಲಿಲ್ಲ. ಒಳಗೆ ಗಳಗಳ ಸದ್ದು. “ಸ್ಲೋ ಅಂದ್ರ ಇದ?” ಎಂದು ಮನೆಯಾಕೆ ಕೂಗಿದಳು. ಆಮೇಲೆ ಸುಟ್ಟ ವೈರಿನ ವಾಸನೆ. ಆಮೇಲೆ ಟಪ್ ಎಂದು ಒಂದು ಸಣ್ಣ ಸದ್ದು. ಆಮೇಲೆ ಮೌನ.

ಮೌನದಲ್ಲಿ ನನಗೆ ಜ್ಞಾನೋದಯವಾಯಿತು. ಅಮೆರಿಕದ ಮನೆಗಳ ಕರೆಂಟು 120 ವೋಲ್ಟಿನದು, ನಮ್ಮದು 230. ಮಗಳ ಮೊಬೈಲ್ ಚಾರ್ಜರು ಎರಡನ್ನೂ ತಡೆದುಕೊಳ್ಳುತ್ತದೆ, ಬಿಸಿ ಮಾಡುವ ತಂತಿ ತಡೆದುಕೊಳ್ಳುವುದಿಲ್ಲ. ತಂತಿಯಲ್ಲಿ ಹುಟ್ಟುವ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 230ರ ವರ್ಗವನ್ನು 120ರ ವರ್ಗದಿಂದ ಭಾಗಿಸಿದರೆ ಮೂರೂವರೆ ಪಟ್ಟಿಗಿಂತ ಹೆಚ್ಚು. ಇನ್ನೂರೈವತ್ತು ವ್ಯಾಟಿನಲ್ಲಿ ತೂಕಡಿಸಬೇಕಾದ ಬಡಪಾಯಿಗೆ ಒಂಬೈನೂರು ವ್ಯಾಟಿನ ಓಟ ಓಡಿಸಿದ್ದೆ. ಮೂವತ್ತು ವರ್ಷ ಇದೇ ಲೆಕ್ಕ ತಪ್ಪಿದ ಹುಡುಗರ ಕಿವಿ ಹಿಂಡಿದವನು ನಾನು. ನಮ್ಮ ಕೈಯಲ್ಲಿ ಕಲಿತ ಹುಡುಗನೊಬ್ಬ ಈಗ ಚಿಕ್ಕೋಡಿಯಲ್ಲಿ ಮೋಟಾರು ರಿಪೇರಿ ಮಾಡುತ್ತಾನೆ. ಪಾತ್ರೆಯನ್ನು ಅವನಿಗೆ ತೋರಿಸಿದಾಗ ಅವನು ಬಹಳ ಮರ್ಯಾದೆಯಿಂದ, “ಸರ, ಇದನ್ನ ನೀವ ಕಲಿಸಿದ್ರಿ” ಎಂದ. ಕಿವಿ ಹಿಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದು ಮರುದಿನದ ಕತೆ. ಆ ಹೊತ್ತಿಗೆ ಅರೆಬೆಂದ ರಾಜಮಾ, ಮುಖ ಚಿಕ್ಕದಾದ ಮಗಳು, ಸಂಜೆ ಊಟಕ್ಕೆ ಬರುತ್ತೇನೆಂದು ಹೇಳಿ ಹೋದ ಕಾಕು. ಅವ್ವ ಎದ್ದು ಸೀರೆಯ ಸೆರಗು ಸಿಗಿಸಿ ಹಿತ್ತಲಿಗೆ ನಡೆದಳು. ಅಲ್ಲಿ ಈಗ ಜಳಕದ ನೀರು ಕಾಯಿಸಲಷ್ಟೇ ಉಳಿದಿರುವ ಹಳೆಯ ಮಣ್ಣಿನ ಒಲೆ ಇದೆ, ಅದಕ್ಕೆ ಅಂಟಿಕೊಂಡು ಕೋಡೊಲೆ.

ಕೋಡೊಲೆ ಕಾಣದ ಹೊಸ ಪೀಳಿಗೆಗೆ ಹೇಳಬೇಕು. ದೊಡ್ಡ ಒಲೆಯ ಹೊಟ್ಟೆಯಿಂದ ಬದಿಗೊಂದು ಸುರಂಗ, ಅದರ ತುದಿಗೆ ಇನ್ನೊಂದು ಬಾಯಿ. ಇದಕ್ಕೆ ಸ್ವಂತ ಕಟ್ಟಿಗೆ ಇಲ್ಲ. ದೊಡ್ಡ ಒಲೆ ರೊಟ್ಟಿ ಬೇಯಿಸುವಾಗ ದಾರಿ ತಪ್ಪಿ ಬಂದ ಉರಿಯೇ ಇದರ ಸಂಪಾದನೆ. ಅದರ ಮೇಲಿಟ್ಟ ಗಡಿಗೆ ಕುದಿಯುವುದಿಲ್ಲ, ಗೊಣಗುತ್ತದೆ. ಬೇಳೆ, ಹುರುಳಿ, ಮಡಕಿ ಕಾಳು, ಹಾಲು, ಎಲ್ಲ ಅಲ್ಲೇ ಗೊಣಗುತ್ತ ಬೆಂದವು. ದೊಡ್ಡ ಒಲೆಯೇ ‘ಹೈ’, ಕೋಡೊಲೆಯೇ ‘ಲೋ’, ಉರಿ ಆರಿದ ಮೇಲಿನ ಕೆಂಡಬೂದಿಯೇ ‘ವಾರ್ಮ್’. ಕಟ್ಟಿಗೆಯಲ್ಲೂ ಅವ್ವನ ಲೆಕ್ಕವಿತ್ತು. ಕಬ್ಬಿನ ರವದಿ ಭರ್ರನೆ ಉರಿದು ಭರ್ರನೆ ಆರುತ್ತದೆ, ಚುನಾವಣೆಯ ಭಾಷಣದಂತೆ. ಜಾಲಿ ಕಟ್ಟಿಗೆ ಕೆಂಡ ಕೊಡುತ್ತದೆ. ಕುಳ್ಳು ಎಲ್ಲಕ್ಕಿಂತ ಸಾವಕಾಶ.

ಮಗಳಿಗೆ ಆಗ ನೆನಪಾದದ್ದು ಸ್ಲೋ ಕುಕ್ಕರಿನ ಹುಟ್ಟಿನ ಕತೆ. ಅದನ್ನು ಕಂಡುಹಿಡಿದವನು ಷಿಕಾಗೋದ ಇರ್ವಿಂಗ್ ನ್ಯಾಕ್ಸನ್. ಅವನ ತಾಯಿಯ ತಾಯಿ ಲಿಥುವೇನಿಯದ ವಿಲ್ನಿಯಸ್‌ನಲ್ಲಿದ್ದ ಯಹೂದಿ ಹೆಂಗಸು. ಶನಿವಾರ ಅವರಲ್ಲಿ ಒಲೆ ಹಚ್ಚುವ ಹಾಗಿಲ್ಲ. ಹೀಗಾಗಿ ಶುಕ್ರವಾರ ಹೊತ್ತು ಮುಳುಗುವ ಮುಂಚೆ ಕಾಳು, ಗಡ್ಡೆ, ಮಾಂಸ ತುಂಬಿದ ಗಡಿಗೆಯನ್ನು ಬೇಕರಿಯವನ ಗೂಡಿಗೆ ಕೊಟ್ಟುಬಿಡುವುದು. ಆರುತ್ತಿರುವ ಗೂಡಿನ ಬಿಸಿಯಲ್ಲಿ ರಾತ್ರಿಯೆಲ್ಲ ಬೆಂದ ಚೋಲೆಂಟ್ ಎಂಬ ಆ ಅಡಿಗೆ ಮರುದಿನದ ಊಟ. ತಾಯಿ ಹೇಳಿದ ಈ ಕತೆಗೆ ಮಗ ವೈರು ಹಚ್ಚಿದ. 1940ರಲ್ಲಿ ಪೇಟೆಂಟ್ ಸಿಕ್ಕಿತು. 1970ರಲ್ಲಿ ಅವನು ತನ್ನ ವ್ಯಾಪಾರವನ್ನು ರೈವಲ್ ಎಂಬ ಕಂಪನಿಗೆ ಮಾರಿದ. ಮರುವರ್ಷ ಅದೇ ಪಾತ್ರೆ ‘ಕ್ರಾಕ್ ಪಾಟ್’ ಎಂಬ ಹೊಸ ಹೆಸರಲ್ಲಿ ಬಂದು, ಹೊರಗೆ ದುಡಿಯಲು ಹೊರಟಿದ್ದ ಅಮೆರಿಕದ ಹೆಂಗಸರ ಮನೆಮನೆಗೆ ಹೊಕ್ಕಿತು.

ನಾನು ಇಂಥ ಅವಕಾಶ ಬಿಡುವವನಲ್ಲ. “ನೋಡು, ಆಗಿನ ಮಂದಿಗೆ ಎಷ್ಟು ಸಾವಕಾಶ, ಎಷ್ಟು ಸಮಾಧಾನ! ಈಗಿನವರಿಗೆ ಎಲ್ಲಕ್ಕೂ ಗಡಿಬಿಡಿ” ಎಂದು ಶುರುಮಾಡಿದೆ.

ಅವ್ವ ಊದುಗೊಳವೆ ಕೆಳಗಿಟ್ಟಳು. “ಗಡಿಗಿ ಸಾವಕಾಶ ಇತ್ತಪಾ, ನಾ ಎಲ್ಲಿ ಸಾವಕಾಶ ಇದ್ನಿ? ನಸಿಕ್ಲೇ ಎದ್ದು ಹೆಂಡಕಸ, ನೀರು, ಇಪ್ಪತ್ತ ರೊಟ್ಟಿ. ಗಡಿಗಿ ಕೋಡೊಲಿ ಮ್ಯಾಲ ಇಟ್ಟು ಹೊಲಕ್ಕ ಓಡ್ತಿದ್ನಿ, ಕಬ್ಬಿನಾಗ ಕಸ ತಗ್ಯಾಕ. ಕುಂತು ಕಾಯಾಕ ಪುರಸೊತ್ತ ಇದ್ದಿಲ್ಲಂತನ ಅದು ಸಾವಕಾಶ ಬೇಯ್ತಿತ್ತು. ಸಾವಕಾಶ ಇದ್ದಾವ್ರು ಕಟ್ಟಿಮ್ಯಾಲ ಕುಂತಿದ್ರು.”

ಕಟ್ಟೆಯ ಮೇಲೆ ಯಾರು ಕೂತಿದ್ದರು ಎಂದು ಅವ್ವ ಹೇಳಲಿಲ್ಲ. ಮನೆಯಾಕೆ ನನ್ನ ಕುರ್ಚಿಯ ಕಡೆ ನೋಡಿದಳು. ನಾನು ಕಟ್ಟಿಗೆ ತರುವ ನೆಪ ಮಾಡಿ ಎದ್ದೆ.

ಇನ್ನು ಪಾಸ್ತಾ. ಮಗಳು ತಂದಿದ್ದು ಕೊಳವೆಯಂಥ ಮಾಕರೋನಿ. ಅದನ್ನು ಕೊನೆಗೆ ಹಾಕಬೇಕು, ಊಟಕ್ಕೆ ಅರ್ಧ ತಾಸು ಉಳಿದಾಗ. ಮೊದಲೇ ಹಾಕಿದರೆ ಕರಗಿ ಅಂಬಲಿಯಾಗುತ್ತದೆ. ಅವ್ವ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಕಣ್ಣಿಟ್ಟು, ಆ ತುದಿಯಲ್ಲಿ ನನ್ನನ್ನು ನೋಡಿದಳು. “ಗವಲಿ ಇದ್ದಂಗ ಐತಿ. ಆದರ ಕೈ ಹತ್ತಿಲ್ಲ.” ಮದುವೆಯಲ್ಲಿ ಹೆಣ್ಣಿನ ಜೊತೆ ಕಳಿಸಲು ಬಾಚಣಿಕೆಯ ಹಲ್ಲಿನ ಮೇಲೆ ಒತ್ತಿ, ಉರುಟಿ, ಬೆರಳ ತುದಿಯಲ್ಲಿ ಮಾಡುವ ನಮ್ಮ ಗವಲಿಗಳ ಪಕ್ಕ ಇಟ್ಟರೆ ಇಟಲಿಯ ಆಕಾರಗಳೆಲ್ಲ ದೂರದ ಬಳಗದಂತೆ ಕಾಣುತ್ತವೆ. ಬಳಗವೂ ಹೌದು. ಒಳ್ಳೆಯ ಪಾಸ್ತಾ ಆಗುವುದು ಡ್ಯೂರಮ್ ಗೋಧಿಯ ರವೆಯಿಂದ. ಅಂಗಡಿಯಲ್ಲಿ ನಾವು ಬನ್ಸಿ ರವೆ ಎಂದು ಉಪ್ಪಿಟ್ಟಿಗೆ ಕೊಳ್ಳುವುದು ಆ ಗೋಧಿಯದನ್ನೇ. ಹುಗ್ಗಿಗೂ ಶಾವಿಗೆಗೂ ಹೆಸರಾದ ಖಪಲಿ ಗೋಧಿ ಇದೆಯಲ್ಲ, ಕೆಲವರು ಸದಕ, ಜವೆ ಗೋಧಿ ಎನ್ನುತ್ತಾರೆ, ಅದನ್ನೇ ಇಟಲಿಯವರು ಫಾರ್ರೊ ಎಂದು ಉಣ್ಣುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ಕೊಟ್ಟಿರುವುದೂ ಇದೇ ಗೋಧಿಯಲ್ಲಿ. ಬೇಸಿಗೆಯಲ್ಲಿ ಮಣೆಯ ಮೇಲೆ ಹೊಸೆದು, ಕೋಲಿನ ಮೇಲೆ ಒಣಗಿಸಿ, ಡಬ್ಬಿಯಲ್ಲಿ ಕಾಪಾಡಿದ್ದ ಖಪಲಿ ಶಾವಿಗೆಯನ್ನು ಅವ್ವ ತಂದಳು. “ಇಷ್ಟ ದಿನ ಹಾಲು ಬೆಲ್ಲದಾಗ ಬಿದ್ದೈತಿ. ಒಂದ ದಿನ ಖಾರದಾಗ ಬೀಳ್ಲಿ.”

ಆರು ಜನಕ್ಕೆ ಲೆಕ್ಕ ಬೇಕೆನ್ನುವವರು ಬರೆದುಕೊಳ್ಳಿ. ರಾಜಮಾ ಎರಡು ವಾಟಿ, ಮೇಲೆ ಹೇಳಿದಂತೆ ನೆನೆಸಿ ಕುದಿಸಿದ್ದು. ಉಳ್ಳಾಗಡ್ಡಿ ಮೂರು, ಬಳ್ಳೊಳ್ಳಿ ಹತ್ತು ಎಸಳು, ಮಸಾಲಿ ಖಾರ ಎರಡು ಚಮಚ. ಎಲ್ಲ ಕೂಡಿಸಿ ನಾಲ್ಕು ತಾಸು ಗೊಣಗಲು ಬಿಡಿ. ಕಾಳು ಬೆರಳಿಗೆ ಮೆತ್ತಗಾದಾಗ ನಾಲ್ಕು ಟೊಮೆಟೊ, ಉಪ್ಪು, ಅಡಿಕೆಯಷ್ಟು ಬೆಲ್ಲ, ಒಂದು ಹಿಡಿ ಶೇಂಗಾ ಪುಡಿ. ಅವ್ವ ಇದ್ದ ಮನೆಯಲ್ಲಿ ಶೇಂಗಾ ಪುಡಿ ಇಲ್ಲದೆ ಯಾವ ದೇಶದ ಅಡಿಗೆಯೂ ಆಗುವುದಿಲ್ಲ. ಇನ್ನೊಂದು ತಾಸು ಬಿಟ್ಟು ಎರಡು ವಾಟಿ ಮಾಕರೋನಿ, ಬೇಕಾದಷ್ಟು ಬಿಸಿನೀರು. ಶಾವಿಗೆಯಾದರೆ ಕೊನೆಯ ಐದು ನಿಮಿಷಕ್ಕೆ. ರಾಜಮಾದ ರಗಳೆ ಬೇಡವೆಂದರೆ ಇಡೀ ಮಸೂರ ಹಾಕಿ. ಅದಕ್ಕೆ ಮೊದಲ ಕುದಿಯ ಆ ಹೆದರಿಕೆ ಇಲ್ಲ. ಇಸ್ಲಾಂಪುರ, ಕೊಲ್ಹಾಪುರದ ಢಾಬಾಗಳ ಅಖ್ಖಾ ಮಸೂರ ಉಂಡವರಿಗೆ ಗೊತ್ತು, ಅದು ಪಾಸ್ಪೋರ್ಟ್ ಇಲ್ಲದ ಚಿಲಿ.

ಸಂಜೆ ಪಂಗತಿ ಕೂತಿತು. ಮಗಳು ಚಮಚ, ಬಟ್ಟಲು ಹಂಚಿದಳು. ಕಾಕು ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆರೆದು, “ಛಲೋ ಆಗೇತವಾ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಎಲ್ಲಾ ಬರೋಬರಿ. ಇದನ್ನ ಹಚ್ಚಿಕೊಳ್ಳಾಕ ಒಂದು ರೊಟ್ಟಿ ಕೊಡ್ರಿ” ಎಂದಳು. ಕಾಕು ಕೇಳಿದಳೆಂದು ಮನೆಯಾಕೆ ತಾನೂ ಒಂದು ತೆಗೆದುಕೊಂಡಳು. ನಾನೂ ತೆಗೆದುಕೊಂಡೆ. ಗೋಧಿಯ ಪಾಸ್ತಾವನ್ನು ಜೋಳದ ರೊಟ್ಟಿಗೆ ಹಚ್ಚಿ, ಮೇಲೆ ಹಸಿ ಉಳ್ಳಾಗಡ್ಡಿ ಕಚ್ಚಿ ಉಂಡೆವು. ಸಿನ್ಸಿನ್ಯಾಟಿಯವರು ಐದಕ್ಕೆ ನಿಂತಿದ್ದಾರೆ. ನಮ್ಮದು ‘ಸಿಕ್ಸ್ ವೇ’.

ತೀರ್ಪು ಅವ್ವನದೇ, ನಾನು ಬರೆದುಕೊಡುವ ಗುಮಾಸ್ತ: ಸಾವಕಾಶ ಬೇಯುವ ಅಡಿಗೆ ಪುರಸೊತ್ತಿಲ್ಲದವರ ಅಡಿಗೆ. ವಿಲ್ನಿಯಸ್‌ನ ಅಜ್ಜಿಗೆ ಶನಿವಾರ ಬೆಂಕಿ ಮುಟ್ಟುವ ಹಾಗಿರಲಿಲ್ಲ, ಕರೋಶಿಯ ಅವ್ವನಿಗೆ ಹೊಲ ಕಾಯುತ್ತಿತ್ತು, ನನ್ನ ಮಗಳಿಗೆ ಆಫೀಸು ಕಾಯುತ್ತದೆ. ಪುರಸೊತ್ತು ಇದ್ದವನು ಮನೆಯಲ್ಲಿ ಯಾವಾಗಲೂ ಒಬ್ಬನೇ, ಅವನಿಗೆ ಮಾತ್ರ ಎಲ್ಲವೂ ಬಿಸಿಬಿಸಿಯಾಗಿ ಈಗಲೇ ಬೇಕು.

ನಿಮ್ಮ ಮಕ್ಕಳು ಅಮೆರಿಕದಿಂದ ಇಂಥ ಪಾತ್ರೆ ತಂದರೆ ತಳ ತಿರುವಿ ವೋಲ್ಟೇಜು ಓದಿ, ರಾಜಮಾ ಮೊದಲು ಜೋರಾಗಿ ಕುದಿಸಿ, ಪ್ಲಗ್ಗನ್ನು ನಿವೃತ್ತ ವಿಜ್ಞಾನ ಮಾಸ್ತರರ ಕೈಗೆ ಕೊಡಬೇಡಿ. ನಮ್ಮ ಪಾತ್ರೆಯ ತಗಡಿನ ಅಂಗಿ ಗುಜರಿಗೆ ಹೋಯಿತು. ಪಿಂಗಾಣಿ ಗಡಿಗೆಗೆ ಬೇಸಿಗೆಯಲ್ಲಿ ಅವ್ವ ಮಾವಿನಕಾಯಿ ತುಂಬಿ, ಬಟ್ಟೆ ಕಟ್ಟಿ, ಅಟ್ಟಕ್ಕೆ ಏರಿಸಿದ್ದಾಳೆ. ಅಲ್ಲಿ ಅದು ಯಾವ ಕರೆಂಟನ್ನೂ ಕೇಳದೆ ಸಾವಕಾಶ ಮಾಗುತ್ತಿದೆ.